ದುಡಿಮೆಯ ಹೊಣೆ ಯಾರದು?
ಕೋಲಾರದ ಚಿನ್ನದ ಗಣಿಯಿಂದ ಇಂದಿನ ಬೆಂಗಳೂರಿನವರೆಗೆ



ನನಗೆ ಕೊಟ್ಟಿರುವ ವಿಷಯ ಉದ್ಯೋಗ ಮತ್ತು ಸಮಾಜ. ಪಠ್ಯಪುಸ್ತಕದ ಹಾಗೆ ಉದ್ಯೋಗದ ವ್ಯಾಖ್ಯೆ ಹೇಳಿ, ಅದರ ಬಗೆಗಳನ್ನು ಎಣಿಸಿ, ನಿರುದ್ಯೋಗಕ್ಕೆ ಪರಿಹಾರ ಸೂಚಿಸಿ ಮುಗಿಸಬಹುದಿತ್ತು. ಅದಕ್ಕಿಂತ ಒಂದು ಊರನ್ನು ಹಿಡಿದು ಮಾತಾಡುವುದು ಮೇಲೆನಿಸಿತು. ಆ ಊರು ಕೋಲಾರದ ಚಿನ್ನದ ಗಣಿಗಳ ಕೆಜಿಎಫ್. ನೂರಿಪ್ಪತ್ತು ವರ್ಷ ಒಂದೇ ಉದ್ಯಮವನ್ನು ನಂಬಿ ಬದುಕಿದ ಊರದು. 2001ರಲ್ಲಿ ಆ ಉದ್ಯಮ ನಿಂತಿತು. ಉದ್ಯೋಗ ಒಂದು ಸಮಾಜಕ್ಕೆ ಏನನ್ನು ಕೊಡುತ್ತದೆ, ಹೋದಾಗ ಏನನ್ನೆಲ್ಲ ಕೊಂಡೊಯ್ಯುತ್ತದೆ ಎಂಬುದನ್ನು ನಮ್ಮ ನಾಡಿನಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇನ್ನೊಂದಿಲ್ಲ.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕೆಲಸಕ್ಕೆ ಬರವಿಲ್ಲ. ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಜನ ದುಡಿಯುತ್ತಲೇ ಇದ್ದಾರೆ. ಬರ ಇರುವುದು ಆ ದುಡಿಮೆಯ ಹೊಣೆ ಹೊರುವವರಿಗೆ. ದುಡಿಯುವವರು ಬಿದ್ದರೆ, ಕಾಯಿಲೆ ಬಿದ್ದರೆ, ಬಸುರಿಯಾದರೆ, ಮುದುಕರಾದರೆ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಇದ್ದಾಗ ಮಾತ್ರ ಕೆಲಸ ಉದ್ಯೋಗವಾಗುತ್ತದೆ. ಆ ಉತ್ತರವನ್ನು ಪಡೆಯಲು ನೂರು ವರ್ಷ ಬೇಕಾಯಿತು. ಅದನ್ನು ಈಗ ನಮ್ಮ ಕಣ್ಣೆದುರೇ ಕೈಬಿಡಲಾಗುತ್ತಿದೆ ಎಂಬುದು ನನ್ನ ಆತಂಕ.

1802ರಲ್ಲಿ ಮೈಸೂರಿನ ಗಡಿ ಸರ್ವೆಗೆ ಬಂದಿದ್ದ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಊರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಅದನ್ನು ಓದಿದ ಲ್ಯಾವೆಲ್ ಎಂಬ ನಿವೃತ್ತ ಸಿಪಾಯಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅನುಮತಿ ಪಡೆದು ಅಗೆದ. ಬಂಡವಾಳ ಸಾಲದೆ ಬಿಟ್ಟುಕೊಟ್ಟ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಮುಂದಿನದು ನಿಮಗೆ ಗೊತ್ತಿರುವ ಕಥೆ: ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಗಣಿಗಳು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ತಂದ ವಿದ್ಯುತ್ತು. ಬೆಂಗಳೂರಿಗೆ ವಿದ್ಯುತ್ತು ಬಂದದ್ದು ಅದಾದ ಮೂರು ವರ್ಷಕ್ಕೆ. ಒಟ್ಟು 800 ಟನ್ನಿನಷ್ಟು ಚಿನ್ನ ಆ ನೆಲದಿಂದ ಹೊರಬಂತು.

ಚಿನ್ನದ ಕಥೆ ಹೇಳುವವರು ಬಹಳ. ನಾನು ಅಗೆದವರ ಮಾತಿಗೆ ಬರುತ್ತೇನೆ. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ದಲಿತರು. ಹಳ್ಳಿಯಲ್ಲಿ ಅವರಿಗೆ ನೆಲವಿರಲಿಲ್ಲ. ಒಡೆಯನ ಹೊಲದಲ್ಲಿ ದುಡಿದರೆ ಕಾಳು, ಇಲ್ಲದಿದ್ದರೆ ಇಲ್ಲ. ಹಳ್ಳಿಯ ಮೇಲುಕೀಳಿನ ಕಣ್ಣೋಟದಿಂದ ತಪ್ಪಿಸಿಕೊಂಡು, ನಗದು ಕೂಲಿ ಸಿಗುವ ಕಡೆ ಬಂದವರು ಅವರು. ಗಣಿಯ ಕೆಲಸ ಭಯಂಕರವಾಗಿತ್ತು, ನಿಜ. ಆದರೂ ಅವರು ಬಂದರು, ಉಳಿದರು, ನೆಂಟರಿಷ್ಟರನ್ನು ಕರೆಸಿಕೊಂಡರು. ತಿಂಗಳಿಗೊಮ್ಮೆ ಎಣಿಸಿ ಕೈಗಿಡುವ ದುಡ್ಡು, ಬೇಡವಾದರೆ ಬಿಟ್ಟು ಹೋಗುವ ಸ್ವಾತಂತ್ರ್ಯ: ಜೀತದ ನೆರಳಿನಲ್ಲಿ ತಲೆಮಾರುಗಳನ್ನು ಕಳೆದವರಿಗೆ ಇವೆರಡೂ ಸಣ್ಣವಲ್ಲ. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಗಣಿಗೆ ನಡೆದು ಬಂದವರು ಅದಕ್ಕೂ ಬಹಳ ಮೊದಲೇ ತಮ್ಮ ಕಾಲಿನಿಂದಲೇ ಅದನ್ನು ಮುರಿದಿದ್ದರು.

ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ. ಆ ಆಳದಲ್ಲಿ ಕಲ್ಲಿನ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಮೇಲಿನ ಭೂಮಿಯ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎಂಬ ಈ ಸಿಡಿತಕ್ಕೆ ಸತ್ತವರು, ಕೈಕಾಲು ಕಳೆದುಕೊಂಡವರು ಇಲ್ಲದ ಕೇರಿ ಅಲ್ಲಿ ಇರಲಿಲ್ಲ. ಉಳಿದವರ ಎದೆಗೆ ಕಲ್ಲಿನ ಧೂಳು ಇಳಿಯುತ್ತಿತ್ತು. ಆ ಧೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಗಣಿಯಿಂದ, 1934ರಲ್ಲಿ. ಇದೇ ಚಾಂಪಿಯನ್ ರೀಫ್‌ನ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನ ಸಹೋದ್ಯೋಗಿಗಳ ಜೊತೆ ಸೇರಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ಭೌತಶಾಸ್ತ್ರದ ಇತಿಹಾಸದಲ್ಲಿ ಅದಕ್ಕೆ ಜಾಗವಿದೆ, ಇರಲೇಬೇಕು. ಆ ಸುರಂಗ ಕೊರೆದವರ ಹೆಸರುಗಳಿಗೂ ಎಲ್ಲೋ ಒಂದು ಕಡೆ ಜಾಗ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಇಂಥ ಕೆಲಸದ ಹೊಣೆಯನ್ನು ಕಂಪನಿ ತಾನಾಗಿ ಹೊರಲಿಲ್ಲ. ಮೊದಲ ದಶಕಗಳಲ್ಲಿ ಭೂಗರ್ಭಕ್ಕೆ ಇಳಿಯುತ್ತಿದ್ದವರಲ್ಲಿ ಬಹಳ ಜನ ಕಂಪನಿಯ ನೌಕರರೇ ಅಲ್ಲ, ಗುತ್ತಿಗೆದಾರನ ಆಳುಗಳು. ಕೂಲಿ ಕೊಡುವವನು ಮೇಸ್ತ್ರಿ, ಲಾಭ ಪಡೆಯುವವರು ಲಂಡನ್ನಿನಲ್ಲಿ. ನಡುವೆ ಒಬ್ಬನನ್ನು ನಿಲ್ಲಿಸಿಕೊಂಡರೆ ಕಾರ್ಮಿಕ ಸತ್ತಾಗ ಬಾಗಿಲು ತಟ್ಟಬೇಕಾದದ್ದು ಯಾರ ಮನೆಯದು ಎಂಬುದೇ ತಿಳಿಯುವುದಿಲ್ಲ. ಗುತ್ತಿಗೆ ಪದ್ಧತಿ ಜಾಗತೀಕರಣದ ಕೂಸು ಎಂದು ನಾವು ಮಾತಾಡುತ್ತೇವೆ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಮೇಲೆ ಬರೆದ ಇತಿಹಾಸವನ್ನು ಓದಿದರೆ ಅದು ಎಷ್ಟು ಹಳೆಯದು ಎಂಬುದು ತಿಳಿಯುತ್ತದೆ.

1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಿತು. ಗಣಿ ಪ್ರದೇಶ ಕೆಲಸ ನಿಲ್ಲಿಸಿತು. ಕೂಲಿ ಹೆಚ್ಚಿಸಿ ಎಂಬುದಕ್ಕಿಂತ, ನಮ್ಮನ್ನು ಕಳ್ಳರ ಹಾಗೆ ಗುರುತು ಹಾಕಬೇಡಿ ಎಂಬುದು ಆ ಮುಷ್ಕರವನ್ನು ಹೊತ್ತಿಸಿದ ಮಾತು. ಆ ಕಾಲದಲ್ಲಿ ಬೆರಳಚ್ಚು ತೆಗೆಸಿಕೊಳ್ಳುತ್ತಿದ್ದವರು ಅಪರಾಧಿಗಳು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಂಬಳ ಕೊಟ್ಟರೆ ಸಾಕು, ಉಳಿದದ್ದು ಕಾರ್ಮಿಕರಿಗೆ ಬೇಕಿಲ್ಲ ಎಂದು ನಂಬುವವರು ಈಗಲೂ ಇದ್ದಾರೆ. ಓದುಬರಹ ತಿಳಿಯದ, ಹೊಟ್ಟೆಗೆ ಸಾಲದ ಜನ 1930ರಲ್ಲೇ ಆ ನಂಬಿಕೆ ಸುಳ್ಳೆಂದು ತೋರಿಸಿದ್ದಾರೆ. ಮರ್ಯಾದೆ ಎಂಬುದು ಹೊಟ್ಟೆ ತುಂಬಿದ ಮೇಲೆ ನೆನಪಾಗುವ ವಸ್ತುವಲ್ಲ.

ಇಂಥ ಮುಷ್ಕರಗಳು, ಸಂಘಗಳು, ಬಂಧನಗಳ ಮೂಲಕ ಒಂದೊಂದೇ ಹೊಣೆ ಮಾಲೀಕರ ಹೆಗಲೇರಿತು. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್‌ಗೆ ಪರಿಹಾರದ ನಿಯಮ ಮಾಡಿತು. 1942ರಲ್ಲಿ ಕಾರ್ಮಿಕ ಕಾಯ್ದೆ ಬಂತು. 1956ರಲ್ಲಿ ರಾಜ್ಯ ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಗಣಿಯ ಆಸ್ಪತ್ರೆ, ಲೈನ್ ಮನೆ, ಕುಡಿಯುವ ನೀರು, ಶಾಲೆ, ಪಿಎಫ್, ಗ್ರಾಚ್ಯುಟಿ ಎಲ್ಲವೂ ಹೀಗೆ ಕೂಡಿಬಂದವು. ಗಣಿ ಕಾರ್ಮಿಕನ ಕೈಯಲ್ಲಿದ್ದ ಕೆಲಸದ ಚೀಟಿ ಅಂಗಡಿಯಲ್ಲಿ ಸಾಲಕ್ಕೆ ಜಾಮೀನು, ಹೆಣ್ಣು ಕೊಡುವವರಿಗೆ ಭರವಸೆ. ಪಾಳಿಯ ಸೈರನ್ ಕೂಗಿದರೆ ಗಂಡಸರು ಬೂಟು ಹಾಕುವುದಷ್ಟೇ ಅಲ್ಲ, ಮನೆಗಳಲ್ಲಿ ಒಲೆ ಹತ್ತುತ್ತಿತ್ತು, ಟೀ ಅಂಗಡಿಗಳ ಬಾಗಿಲು ತೆರೆಯುತ್ತಿತ್ತು. ಗಣಿಯಲ್ಲಿ ದುಡಿಯದವರ ದಿನವೂ ಗಣಿಯ ಗಡಿಯಾರದ ಪ್ರಕಾರವೇ ನಡೆಯುತ್ತಿತ್ತು.

ಹಾಗೆಂದು ಹಳೆಯ ಕೆಜಿಎಫ್ ಅನ್ನು ಸ್ವರ್ಗವೆಂದು ವರ್ಣಿಸುವವರ ಜೊತೆ ನಾನಿಲ್ಲ. ಮಿನಿ ಇಂಗ್ಲೆಂಡ್ ಎಂದು ಹಾಡಿ ಹೊಗಳುವ ಲೇಖನಗಳು ಇಂದಿಗೂ ಬರುತ್ತವೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಯೂರೋಪಿಯನ್ನರಿಗೆ. ಅವರ ಕೆಳಗೆ ಆಂಗ್ಲೋ ಇಂಡಿಯನ್ನರು. ಕೊನೆಗೆ ಒಂದೇ ಕೋಣೆಯ ಲೈನ್ ಮನೆಗಳಲ್ಲಿ ಭೂಗರ್ಭಕ್ಕೆ ಇಳಿಯುವವರು. ಅವರಿಗಿಂತಲೂ ಕೆಳಗೆ ಇನ್ನೊಂದು ಮೆಟ್ಟಿಲಿತ್ತು: ಆ ಊರಿನ ಒಣ ಶೌಚಾಲಯಗಳ ಮಲ ಬಳಿಯುತ್ತಿದ್ದವರು. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಂಥ ಒಂದು ಮನೆಯಲ್ಲಿ, 1966ರಲ್ಲಿ, ಇದೇ ಕೆಜಿಎಫ್‌ನಲ್ಲಿ. ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯವರೆಗೆ ಬಂದ ಅವರ ಹೋರಾಟ ಮೊದಲು ಶುರುವಾದದ್ದು ತಮ್ಮ ಊರಿನ ಶೌಚಾಲಯಗಳ ವಿರುದ್ಧ. ಅವರ ಮನೆಯವರಿಗೂ ಕೆಲಸ ಇತ್ತು, ಸಂಬಳ ಇತ್ತು. ಆದರೆ ಆ ಕೆಲಸ ಯಾರು ಮಾಡಬೇಕೆಂಬುದು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಅಂಥ ಕೆಲಸವನ್ನು ನಿಲ್ಲಿಸುವುದೇ ಸಮಾಜ ಮಾಡಬಹುದಾದ ಉಪಕಾರ. ಎಲ್ಲ ಉದ್ಯೋಗವೂ ಉಳಿಯಲಿ ಎಂದು ಕೂಗುವ ಮೊದಲು ಇದನ್ನು ನೆನಪಿಡಬೇಕು.

ಉದ್ಯೋಗ ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಮೈಸೂರು ಸಂಸ್ಥಾನ ಸರ್ಕಾರಿ ಹುದ್ದೆಗಳ ವಿಷಯದಲ್ಲಿ ಬಹಳ ಬೇಗ ಎತ್ತಿಕೊಂಡಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದಕ್ಕಾಗಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಹುದ್ದೆ ಬಿಟ್ಟರು. 1921ರಿಂದ ಹಿಂದುಳಿದ ವರ್ಗಗಳಿಗೆ ಹುದ್ದೆಗಳಲ್ಲಿ ಪಾಲು ಬಂತು. ವಿಶ್ವೇಶ್ವರಯ್ಯನವರ ಕಾರ್ಖಾನೆಗಳ ಕನಸನ್ನು ಗೌರವಿಸುತ್ತಲೇ ಈ ಒಂದು ವಿಷಯದಲ್ಲಿ ಮಹಾರಾಜರು ಸರಿ, ದಿವಾನರು ತಪ್ಪು ಎಂದು ನಾನು ಹೇಳುತ್ತೇನೆ. ಸರ್ಕಾರಿ ಹುದ್ದೆ ಸಂಬಳದ ಮಾತು ಮಾತ್ರವಲ್ಲ, ಅಧಿಕಾರದ ಮಾತು. ಕಚೇರಿಯ ಮೇಜಿನ ಆ ಕಡೆ ಕೂರುವವರು ಯಾವಾಗಲೂ ಒಂದೇ ಜಾತಿಯವರಾದರೆ ಈ ಕಡೆ ನಿಂತವರಿಗೆ ರಾಜ್ಯ ತಮ್ಮದೆಂದು ಅನಿಸುವುದಿಲ್ಲ.

ಮತ್ತೆ ಗಣಿಗೆ ಬರೋಣ. ಆಳ ಹೆಚ್ಚಾದಂತೆ ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ತೆಗೆಯುವ ಖರ್ಚು ಏರಿತು. 1992ರಲ್ಲಿ ಕಂಪನಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಗ ಉಳಿದಿದ್ದವರು ಮೂರೂವರೆ ಸಾವಿರದಷ್ಟು ಕಾರ್ಮಿಕರು. ಅವರಿಗೆ ಒಂದು ಪರಿಹಾರದ ಪ್ಯಾಕೇಜ್ ಘೋಷಣೆಯಾಯಿತು. ಲೆಕ್ಕದ ಬಗ್ಗೆ ತಕರಾರು ವರ್ಷಗಟ್ಟಲೆ ನಡೆಯಿತು. ಗಣಿಯನ್ನು ಮುಚ್ಚಬಾರದಿತ್ತೇ? ನಷ್ಟದ ಗಣಿಯನ್ನು ಕೊನೆಯಿಲ್ಲದೆ ನಡೆಸಲು ಆಗುವುದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಸರ್ಕಾರ ಮೂರೂವರೆ ಸಾವಿರ ಸಂಬಳಗಳ ಲೆಕ್ಕ ಹಾಕಿತು. ನಿಂತದ್ದು ಅಷ್ಟೇ ಅಲ್ಲ. ಆಸ್ಪತ್ರೆ ಮುಚ್ಚಿತು, ಅದೂ ಎದೆಯಲ್ಲಿ ಧೂಳು ತುಂಬಿಕೊಂಡ ಸಾವಿರಾರು ವೃದ್ಧರಿದ್ದ ಊರಿನಲ್ಲಿ. ಲೈನ್ ಮನೆಗಳು ಯಾರವು ಎಂಬುದು ಪ್ರಶ್ನೆಯಾಯಿತು. ಅಂಗಡಿಯವನು, ದರ್ಜಿ, ಕ್ಷೌರಿಕ ಇವರ ಹೆಸರು ಯಾವ ಪ್ಯಾಕೇಜಿನಲ್ಲೂ ಇರಲಿಲ್ಲ. ಮೂಲ ಉದ್ಯಮ ನಿಂತಾಗ ಅದರ ಮೇಲೆ ನಿಂತಿದ್ದ ನೂರು ಬಗೆಯ ಬದುಕುಗಳ ಹೊಣೆ ಯಾರದೆಂದು ನಮ್ಮ ಕಾನೂನು ಕೇಳುವುದೇ ಇಲ್ಲ.

ಇಲ್ಲಿ ಇನ್ನೊಂದು ಊರನ್ನು ನೆನೆಯಬೇಕು. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯೆಂಥಾಲ್ ಎಂಬ ಪುಟ್ಟ ಊರು. ಒಂದೇ ಬಟ್ಟೆ ಗಿರಣಿಯನ್ನು ನಂಬಿದ್ದದ್ದು. 1929ರ ಮಹಾ ಕುಸಿತದಲ್ಲಿ ಗಿರಣಿ ಮುಚ್ಚಿತು. ಮಾರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ತರುಣ ಸಂಶೋಧಕರು ತಮ್ಮ ತಂಡದೊಂದಿಗೆ ಅಲ್ಲಿಗೆ ಹೋಗಿ, ಜನರ ಜೊತೆ ಬೆರೆತು, 1933ರಲ್ಲಿ ಒಂದು ಪುಸ್ತಕ ತಂದರು. ಕೆಲಸ ಹೋದವರಿಗೆ ಬಿಡುವು ಸಿಕ್ಕಿದೆ. ಓದುತ್ತಾರೆ, ಸಭೆ ಸೇರುತ್ತಾರೆ, ಬಂಡೇಳುತ್ತಾರೆ ಎಂದು ಯಾರಾದರೂ ಎಣಿಸಬಹುದಿತ್ತು. ಕಂಡದ್ದು ಅದರ ತದ್ವಿರುದ್ಧ. ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಗಂಡಸರು ಗಡಿಯಾರ ಕಟ್ಟುವುದನ್ನು ಬಿಟ್ಟರು. ಬೀದಿಯಲ್ಲಿ ಅವರ ನಡಿಗೆ ನಿಧಾನವಾಯಿತು. ಅರ್ಧ ದಾರಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ದಿನವೆಲ್ಲ ಏನು ಮಾಡಿದಿರಿ ಎಂದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಹೆಂಗಸರು ಮಾತ್ರ ಮೊದಲಿನ ಹಾಗೆಯೇ ಬಿರಬಿರನೆ ನಡೆಯುತ್ತಿದ್ದರು. ಅವರ ಗಿರಣಿಯ ಕೆಲಸ ಹೋಗಿತ್ತು, ಮನೆಯ ಕೆಲಸ ಹೋಗಿರಲಿಲ್ಲ.

ಯಹೋಡಾ ಮುಂದೆ ದಶಕಗಳ ಕಾಲ ಈ ಅನುಭವವನ್ನು ಆಲೋಚಿಸಿದರು. ಉದ್ಯೋಗದ ಎದ್ದು ಕಾಣುವ ಫಲ ಸಂಬಳ. ಅದರ ಹಿಂದೆ ಕಣ್ಣಿಗೆ ಕಾಣದ ಫಲಗಳಿವೆ: ದಿನಕ್ಕೊಂದು ಕಟ್ಟು ಬರುತ್ತದೆ, ಮನೆಯಾಚೆಯ ಜನರ ಸಂಪರ್ಕ ಬರುತ್ತದೆ, ಹಲವರು ಕೂಡಿ ಏನನ್ನೋ ಮಾಡುತ್ತಿದ್ದೇವೆಂಬ ಭಾವ ಬರುತ್ತದೆ, ಸಮಾಜದಲ್ಲಿ ತಾನು ಯಾರು ಎಂಬುದಕ್ಕೆ ಒಂದು ಉತ್ತರ ಸಿಗುತ್ತದೆ. ಮನುಷ್ಯನಿಗೆ ಇವು ಅನ್ನದಷ್ಟೇ ಬೇಕು ಎಂದು ಅವರು ವಾದಿಸಿದರು. ಪಾಳಿಯ ಸೈರನ್ ನಿಂತ ಕೆಜಿಎಫ್‌ಗೆ ಈ ಮಾತು ಎಷ್ಟೋ ಮಟ್ಟಿಗೆ ಒಪ್ಪುತ್ತದೆ.

ಆದರೆ ಪೂರ್ತಿ ಒಪ್ಪುವುದಿಲ್ಲ. ಮಾರಿಯೆಂಥಾಲ್‌ನವರಿಗೆ ಕೊಂಚಕಾಲವಾದರೂ ಸರ್ಕಾರದ ನಿರುದ್ಯೋಗ ಭತ್ಯೆ ಇತ್ತು, ಕಡಿಮೆಯಾದರೂ ಇತ್ತು. ಕೆಜಿಎಫ್‌ನವರಿಗೆ ಬೀದಿಯಲ್ಲಿ ನಿಧಾನವಾಗಿ ನಡೆಯುವ ಅವಕಾಶವೇ ಇರಲಿಲ್ಲ. ಅವರು ರೈಲು ಹತ್ತಿದರು. ಮಾರಿಕುಪ್ಪಂನಿಂದ ಬೆಂಗಳೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಬೆಳಕು ಹರಿಯುವ ಮೊದಲೇ ಹೊರಡುವ ಗಾಡಿಗಳಲ್ಲಿ ಇಂದಿಗೂ ಸಾವಿರಾರು ಜನ ಒತ್ತಿಕೊಂಡು ಬರುತ್ತಾರೆ, ರಾತ್ರಿ ಹಿಂತಿರುಗುತ್ತಾರೆ. ಅಪ್ಪ ಗಣಿಯ ಕಾಯಂ ನೌಕರ. ಮಗ ಏಜೆನ್ಸಿಯ ಸೆಕ್ಯುರಿಟಿ ಗಾರ್ಡ್, ಮಗಳು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಅಥವಾ ಆಸ್ಪತ್ರೆಯ ಹೌಸ್‌ಕೀಪಿಂಗ್. ದಿನದ ನಾಲ್ಕೈದು ಗಂಟೆ ಹಳಿಯ ಮೇಲೆ ಕಳೆಯುವವರ ಮಕ್ಕಳು ಎದ್ದಾಗ ತಂದೆತಾಯಿ ಇರುವುದಿಲ್ಲ, ಮಲಗಿದ ಮೇಲೆ ಬರುತ್ತಾರೆ.

ಸರ್ಕಾರದ ಸಮೀಕ್ಷೆಯವರು ಈ ಮನೆಗೆ ಬಂದು ಕೇಳಿದರೆ ಇಲ್ಲಿ ನಿರುದ್ಯೋಗಿಗಳಿಲ್ಲ. 2023-24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನಿರುದ್ಯೋಗ ಶೇ. 3.2. ಈ ಅಂಕಿಯನ್ನು ನೋಡಿ ಸಮಾಧಾನಪಡುವವರು ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನೂ ನೋಡಬೇಕು. ದುಡಿಯುವವರಲ್ಲಿ ಶೇ. 58ರಷ್ಟು ಸ್ವಂತ ದುಡಿಮೆಯವರು. ತಿಂಗಳ ಸಂಬಳದವರು ಶೇ. 22ಕ್ಕಿಂತ ಕಡಿಮೆ, ಉಳಿದವರು ದಿನಗೂಲಿ. ಸ್ವಂತ ದುಡಿಮೆಯವರೆಂದರೆ ಉದ್ಯಮಿಗಳು ಎಂದು ತಿಳಿಯಬೇಡಿ. ತಳ್ಳುಗಾಡಿಯವರು, ತುಂಡು ಹೊಲದವರು, ಮನೆಯವರ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವ ಹೆಂಗಸರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಕೆಲಸವಿಲ್ಲದೆ ಕೂರಲು ಆಸ್ತಿ ಬೇಕು. ಅದಿಲ್ಲದವರು ಸಿಕ್ಕಿದ್ದನ್ನು ಮಾಡುತ್ತಾರೆ, ನಾವು ಅದನ್ನು ಉದ್ಯೋಗವೆಂದು ಬರೆದುಕೊಳ್ಳುತ್ತೇವೆ.

ಆ ರೈಲು ಇಳಿದವರ ಬೆಂಗಳೂರಿಗೇ ಬರುತ್ತೇನೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು: ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ದೆಹಲಿಯ ಮೇಜಿನ ಮೇಲೆ ಅದು ಸಮಂಜಸವಾಗಿಯೇ ಕಂಡಿರಬೇಕು, ಮುಪ್ಪಿಗೆ ಉಳಿತಾಯವಲ್ಲವೇ? ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಸ್ತಬ್ಧವಾದವು. ದೊಡ್ಡ ನಾಯಕರು ಕರೆಕೊಟ್ಟು ಹೊರಡಿಸಿದ ಮೆರವಣಿಗೆ ಅದಾಗಿರಲಿಲ್ಲ. ಮರುದಿನವೇ ಕೇಂದ್ರ ಆ ಆದೇಶವನ್ನು ಹಿಂತೆಗೆದುಕೊಂಡಿತು. ಲಾಠಿ ಏಟು, ಬೆಂಕಿ, ಬಂಧನ ಎಲ್ಲವೂ ಆ ಎರಡು ದಿನಗಳಲ್ಲಿ ನಡೆದವು. ಅವನ್ನೇ ಪತ್ರಿಕೆಗಳು ಹೆಚ್ಚು ಬರೆದವು. ಆ ಹೆಣ್ಣುಮಕ್ಕಳು ಹೇಳುತ್ತಿದ್ದದ್ದು ಸರಳವಾಗಿತ್ತು. ಈ ಮೆಷಿನ್ ಮುಂದೆ 58ರವರೆಗೆ ಕೂರುವವರು ಯಾರು? ಟಾರ್ಗೆಟ್ ಮುಟ್ಟಿಸಲಾಗದ ದಿನ ಕೆಲಸ ಹೋಗುತ್ತದೆ. ನಾಲ್ಕೈದು ವರ್ಷ ದುಡಿದು, ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು ತಂಗಿಯ ಮದುವೆಗೋ ಮಗುವಿನ ಫೀಸಿಗೋ ಹಾಕುವುದೇ ಅವರಿಗಿದ್ದ ಏಕೈಕ ದಾರಿ. ಭಾಷಣಗಳಲ್ಲಿ ನಾವು ಬಳಸುವ ಸಾಮಾಜಿಕ ಭದ್ರತೆ ಅವರ ಪಾಲಿಗೆ ಆ ಒಂದು ಪಾಸ್‌ಬುಕ್ ಆಗಿತ್ತು.

ಸರ್ಕಾರವೇ ಮಾಲೀಕನಾದಾಗಲೂ ಹೊಣೆ ಜಾರಿಸುವುದನ್ನು ನೋಡಿದ್ದೇವೆ. ಅಂಗನವಾಡಿ ಯೋಜನೆ 1975ರಲ್ಲಿ ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಮಕ್ಕಳ ತೂಕ, ಬಾಣಂತಿಯರ ಪೌಷ್ಟಿಕ ಆಹಾರ, ಚುನಾವಣೆ ಬಂದರೆ ಮತದಾರರ ಪಟ್ಟಿ ಇವೆಲ್ಲವನ್ನೂ ಅಂಗನವಾಡಿ ಕಾರ್ಯಕರ್ತೆಯರಿಂದ ಮಾಡಿಸುತ್ತೇವೆ. ಕೊಡುವುದು ಗೌರವಧನ. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಅವರು ಸರ್ಕಾರಿ ಹುದ್ದೆಯಲ್ಲಿಲ್ಲ ಎಂದು ತೀರ್ಪಿತ್ತಿತು. 2022ರಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟ್ ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಈ ಎರಡು ತೀರ್ಪುಗಳ ನಡುವೆ ಎಷ್ಟು ಜನ ಬರಿಗೈಯಲ್ಲಿ ನಿವೃತ್ತರಾದರು! ಒಂದು ತಲೆಮಾರಿನ ಮಕ್ಕಳನ್ನು ಬೆಳೆಸಿದವರನ್ನು ಸ್ವಯಂಸೇವಕಿಯರೆಂದು ಕರೆದು ಕೈತೊಳೆದುಕೊಳ್ಳುವ ಸರ್ಕಾರಕ್ಕೆ ಖಾಸಗಿ ಮಾಲೀಕರಿಗೆ ಬುದ್ಧಿ ಹೇಳುವ ನೈತಿಕ ಹಕ್ಕು ಎಲ್ಲಿಂದ ಬರಬೇಕು?

ಆ್ಯಪ್‌ಗಳ ಮೂಲಕ ಊಟ, ಸಾಮಾನು ತಲುಪಿಸುವ ಹುಡುಗರ ವಿಷಯಕ್ಕೆ ಬಂದರೆ ಹಳೆಯ ಮೇಸ್ತ್ರಿಯ ಜಾಗದಲ್ಲಿ ಫೋನು ಕುಳಿತಿದೆ. ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ಮುಟ್ಟಬೇಕು, ಎಷ್ಟು ಸ್ಟಾರ್ ಬಂದರೆ ನಾಳೆ ಕೆಲಸ ಎಲ್ಲವನ್ನೂ ಕಂಪನಿ ನಿರ್ಧರಿಸುತ್ತದೆ. ಗಾಡಿ ಅವನದು, ಪೆಟ್ರೋಲು ಅವನದು, ಬಿದ್ದು ಮುರಿದ ಕಾಲೂ ಅವನದೇ. ಅವನು ಪಾಲುದಾರ, ನೌಕರನಲ್ಲ ಎನ್ನುತ್ತದೆ ಒಪ್ಪಂದ. ಕರ್ನಾಟಕ 2025ರಲ್ಲಿ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿತು. ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪನಿಯಿಂದ ಶೇ. 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕ ವಸೂಲು ಮಾಡಿ ನಿಧಿ ಕಟ್ಟುವುದು ಅದರ ಮುಖ್ಯ ಅಂಶ. ಅವನನ್ನು ನೌಕರನೆಂದು ಅದು ಘೋಷಿಸಿಲ್ಲ. ಆದರೂ ಹೊಣೆ ಯಾರದೂ ಅಲ್ಲ ಎಂಬ ಸ್ಥಿತಿಯಿಂದ ಇದು ಒಂದು ಹೆಜ್ಜೆ ಮುಂದೆ, ಇದನ್ನು ಸ್ವಾಗತಿಸಬೇಕು.

ಇಷ್ಟೆಲ್ಲ ಹೊಣೆ ಹೊರಿಸಿದರೆ ಯಾರು ಕೆಲಸ ಕೊಡುತ್ತಾರೆ ಎಂದು ಉದ್ಯಮಿಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹತ್ತು ಜನರ ವರ್ಕ್‌ಶಾಪ್ ನಡೆಸುವವರು ಒಬ್ಬ ಕಾರ್ಮಿಕನ ಆಸ್ಪತ್ರೆ ಖರ್ಚನ್ನು ಪೂರ್ತಿ ಹೊರಲು ಸಾಧ್ಯವಿಲ್ಲ. ಆದರೆ ಹೊಣೆಯನ್ನು ಒಬ್ಬನ ತಲೆಗೇ ಕಟ್ಟಬೇಕೆಂದಿಲ್ಲ. ಹಂಚಿಕೊಳ್ಳುವ ದಾರಿಯನ್ನು ನಮ್ಮ ನೆರೆಯ ಮಹಾರಾಷ್ಟ್ರ 1969ರಲ್ಲೇ ತೋರಿಸಿದೆ. ಮಂಡಿಯ ಹಮಾಲಿಗಳಿಗೆ ಒಬ್ಬ ಮಾಲೀಕನಿಲ್ಲ. ಬೆಳಿಗ್ಗೆ ಒಬ್ಬರ ಲಾರಿ, ಮಧ್ಯಾಹ್ನ ಇನ್ನೊಬ್ಬರ ಗೋದಾಮು. ಅಲ್ಲಿನ ಮಾಥಾಡಿ ಕಾಯ್ದೆ ಹಮಾಲಿಗಳನ್ನೂ ವರ್ತಕರನ್ನೂ ಒಂದು ಮಂಡಳಿಯಲ್ಲಿ ನೋಂದಾಯಿಸಿತು. ವರ್ತಕರು ಕೂಲಿಯನ್ನೂ ಅದರ ಮೇಲೊಂದು ಪಾಲನ್ನೂ ಮಂಡಳಿಗೆ ಕಟ್ಟುತ್ತಾರೆ. ಪಿಎಫ್, ಬೋನಸ್, ಚಿಕಿತ್ಸೆ ಮಂಡಳಿಯಿಂದ. ಆ ವ್ಯವಸ್ಥೆಯಲ್ಲಿ ಕೊರತೆಗಳಿವೆ, ದುರ್ಬಳಕೆಯ ದೂರುಗಳೂ ಇವೆ. ಆದರೂ ತಲೆಹೊರೆಯ ಕಾರ್ಮಿಕನಿಗೆ ಪಿಎಫ್ ಕೊಡಲು ಸಾಧ್ಯವಾಯಿತೆಂದರೆ ಲ್ಯಾಪ್‌ಟಾಪಿನಲ್ಲಿ ಪ್ರತಿ ಡೆಲಿವರಿಯ ಲೆಕ್ಕವಿರುವ ಕಾಲದಲ್ಲಿ ಅಸಾಧ್ಯ ಎನ್ನುವ ವಾದವನ್ನು ನಾನು ಒಪ್ಪಲಾರೆ.

ಕೆಲವರು ಇಂಥ ಚರ್ಚೆಯಲ್ಲಿ ಕಾಯಕವನ್ನು ಎಳೆದು ತರುತ್ತಾರೆ. ಕೆಲಸವೇ ಪೂಜೆ, ಸಂಬಳದ ಮಾತೇಕೆ ಎನ್ನುತ್ತಾರೆ. ಶರಣರಿಗೆ ಮಾಡುವ ಅನ್ಯಾಯ ಇದು. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಕಳಿಸಿದಳು. ಆ ಕಥೆ ಕೂಡಿಡುವವರನ್ನು ಎಚ್ಚರಿಸಲು ಹುಟ್ಟಿದ್ದೇ ಹೊರತು ದುಡಿಯುವವರಿಗೆ ಕಡಿಮೆ ಕೊಡುವವರ ಕೈಗೆ ಆಯುಧವಾಗಲಿ ಎಂದಲ್ಲ. ನಮ್ಮ ಸಂವಿಧಾನವೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕಟ್ಟಡ ಕಟ್ಟಿದ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಬಲವಂತದ ದುಡಿಮೆ, 23ನೆಯ ವಿಧಿಯ ಉಲ್ಲಂಘನೆ. ಹಸಿವಿನಿಂದ ಒಪ್ಪಿಕೊಂಡವರು ಸ್ವಇಚ್ಛೆಯಿಂದ ಒಪ್ಪಿದವರಲ್ಲ ಎಂಬ ತಿಳಿವಳಿಕೆ ಆ ತೀರ್ಪಿನಲ್ಲಿದೆ. ಕಾನೂನು ವಿದ್ಯಾರ್ಥಿಗಳು ಮಾತ್ರವಲ್ಲ, ಎಲ್ಲ ವಿದ್ಯಾರ್ಥಿಗಳೂ ಅದನ್ನು ಓದಬೇಕು.

ಕೆಜಿಎಫ್‌ನಲ್ಲಿ ಈಗ ಏನಿದೆ? ಅರೆದ ಅದಿರಿನ ಬೂದಿ ಬಣ್ಣದ ಗುಡ್ಡಗಳಿವೆ. ಸೈನೈಡ್ ಗುಡ್ಡಗಳೆಂದು ಜನ ಕರೆಯುವ ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ. ಅದರಲ್ಲಿ ಇನ್ನೂ ಚಿನ್ನದ ಅಂಶವಿದೆ. ಗಾಳಿ ಬೀಸಿದಾಗ ಅದರ ಧೂಳು ಮನೆಗಳೊಳಗೆ ಬರುತ್ತದೆ. 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಕೆಲಸ ಶುರುವಾಗುವುದಾದರೆ ಸರ್ಕಾರವನ್ನು ನಾವು ಕೇಳಬೇಕಾದದ್ದು ಎಷ್ಟು ಕಿಲೋ ಚಿನ್ನ ಬರುತ್ತದೆ ಎಂದಲ್ಲ. ಎಷ್ಟು ಜನ ಆ ಊರಿನವರನ್ನು ನೇರವಾಗಿ, ಏಜೆನ್ಸಿಯ ನಡುವೆ ನಿಲ್ಲಿಸದೆ ನೇಮಿಸುತ್ತೀರಿ? ಧೂಳಿಗೆ ಯಾರು ಹೊಣೆ? ಎದೆ ಪರೀಕ್ಷಿಸುವ ಆಸ್ಪತ್ರೆ ಎಲ್ಲಿ? ಗುಡ್ಡ ಕರಗಿದ ಮೇಲೆ ಏನು? ಟೆಂಡರಿನ ಕಾಗದದಲ್ಲೇ ಇವಕ್ಕೆ ಉತ್ತರ ಇರಬೇಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಇನ್ನೊಂದೆರಡು ವರ್ಷಕ್ಕೆ ಕೆಲಸಕ್ಕೆ ಸೇರುತ್ತೀರಿ. ನೇಮಕಾತಿ ಪತ್ರ ಕೇಳಿ ಪಡೆಯಿರಿ, ಪಿಎಫ್ ಸಂಖ್ಯೆ ಕೇಳಿ, ಕೆಲಸದ ಗಂಟೆ ಎಷ್ಟೆಂದು ಬರಹದಲ್ಲಿ ಕೇಳಿ. ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ನಮ್ಮ ರಾಜ್ಯ 2023ರಲ್ಲಿ ಕಾನೂನನ್ನೇ ತಿದ್ದಿತು. ಹಾಗಾಗಿ ಕೇಳುವ ಅಭ್ಯಾಸ ನಿಮಗೆ ಇರಲೇಬೇಕು.

ಹಿರಿಯರಲ್ಲಿ ನನ್ನ ಅರಿಕೆ ಬೇರೆ. ಈ ಸಭೆಯಲ್ಲಿ ಕಾರ್ಖಾನೆಯ ಮಾಲೀಕರು ಹೆಚ್ಚು ಜನ ಇರಲಾರರು. ಆದರೆ ಮನೆಕೆಲಸಕ್ಕೆ ಒಬ್ಬ ಹೆಣ್ಣುಮಗಳನ್ನು ಇಟ್ಟುಕೊಂಡವರು ಬಹಳ ಜನ ಇದ್ದೀರಿ. ಕರ್ನಾಟಕ ಮನೆಕೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲೇ ಗೊತ್ತುಮಾಡಿದೆ, ದೇಶದಲ್ಲೇ ಮೊದಲು. ಅದು ಜಾರಿಯಾಗಬೇಕಾದ ಜಾಗ ನಿಮ್ಮ ಮನೆ. ವಾರಕ್ಕೊಂದು ರಜೆ ಕೊಡಿ, ಕಾಯಿಲೆ ಬಿದ್ದ ದಿನಗಳ ಸಂಬಳ ಕಡಿಯಬೇಡಿ, ವರ್ಷಕ್ಕೊಮ್ಮೆ ಹೆಚ್ಚಿಸಿ, ಅವರ ಹೆಸರಿನಲ್ಲಿ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಒಂದು ಖಾತೆ ತೆರೆದು ತಿಂಗಳು ತಿಂಗಳು ಒಂದಿಷ್ಟು ಕಟ್ಟಿ. ಇದನ್ನು ಈ ತಿಂಗಳಿಂದಲೇ ಶುರುಮಾಡಬಹುದು.